ಕೆಂಪು ರಹದಾರಿ, ನೀಲಿ ರಹದಾರಿ

ವೀಸಾ, ಪಾಸ್‌ಪೋರ್ಟು, ರಾಯಭಾರ ಕಚೇರಿ ಎಂಬುವೆಲ್ಲ ದೊಡ್ಡವರ ಮನೆಯ ಮಾತುಗಳು. ಕಡೂರಿನ ತೆಂಗಿನಕಾಯಿ ಮಂಡಿಗೂ, ತರೀಕೆರೆಯ ಅಕ್ಕಿ ಗಿರಣಿಗೂ, ಅಜ್ಜಂಪುರದ ಈರುಳ್ಳಿ ವ್ಯಾಪಾರಕ್ಕೂ ಅವುಗಳಿಂದ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ಒಂದು ಅರ್ಥವಿತ್ತು. ಈಗ ಇಲ್ಲ. ಗಿರಣಿಯಲ್ಲಿ ಮೂಟೆ ಹೊರುವವನ ಮಗ ಡ್ರೈವರ್ ಕೆಲಸಕ್ಕೆಂದು ಕೊಲ್ಲಿ ದೇಶಕ್ಕೆ ಹೋಗುತ್ತಾನೆ. ಅಂಗಡಿಕಾರನ ಮಗಳು ನರ್ಸಿಂಗ್ ಓದಿ ಹೊರದೇಶದ ಆಸ್ಪತ್ರೆಯ ಕನಸು ಕಾಣುತ್ತಾಳೆ. ಎರಡೆಕರೆ ಅಡಿಕೆ ತೋಟದ ಮೇಲೆ ಸಾಲ ಎತ್ತಿ ಮಗನನ್ನು ಪರದೇಶದ ಕಾಲೇಜಿಗೆ ಕಳುಹಿಸುವವರು ಈಗ ಅಪರೂಪದವರಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದಿತು. ಮನೆಯ ಹತ್ತಿರ ಕೂಲಿ ಸಿಕ್ಕದ ಮೇಲೆ ದುಡಿಯುವವನು ಕೂಲಿಯಿದ್ದ ಕಡೆ ಹೋಗಲೇಬೇಕು. ಅವನ ದಾರಿಯಲ್ಲಿ ಇಂದು ನಿಂತಿರುವ ಬಾಗಿಲಿಗೆ ವೀಸಾ ಎಂದು ಹೆಸರು. ಆ ಬಾಗಿಲನ್ನು ತೆರೆಯುವವರೂ ಮುಚ್ಚುವವರೂ ಅವನಿಗೆ ಗೊತ್ತಿಲ್ಲದ ಮಂದಿ, ಅವನಿಗೆ ಸಂಬಂಧವಿಲ್ಲದ ಕಾರಣಗಳಿಗಾಗಿ.

ಆದರೆ ಎಲ್ಲರಿಗೂ ಬಾಗಿಲು ಒಂದೇ ರೀತಿಯಲ್ಲಿ ಮುಚ್ಚುವುದಿಲ್ಲ ಎಂಬುದನ್ನು ಕಡೂರಿನ ಮತದಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಏಪ್ರಿಲ್ 26, ಶುಕ್ರವಾರ ಹಾಸನ ಲೋಕಸಭಾ ಕ್ಷೇತ್ರಕ್ಕೆ ಮತದಾನವಾಯಿತು. ಕಡೂರು ಆ ಕ್ಷೇತ್ರಕ್ಕೆ ಸೇರಿದೆ. ಕಡೂರು, ಬೀರೂರಿನ ಜನ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಬೆರಳಿಗೆ ಮಸಿ ಹಾಕಿಸಿಕೊಂಡರು. ಆ ಮಸಿ ಒಣಗುವ ಮುಂಚೆ, ಮರುದಿನವೇ, ಕ್ಷೇತ್ರದ ಆಗಿನ ಸದಸ್ಯರೂ ಮತ್ತೆ ಅಭ್ಯರ್ಥಿಯೂ ಆಗಿದ್ದ ಪ್ರಜ್ವಲ್ ರೇವಣ್ಣ ಅವರು ಜರ್ಮನಿಗೆ ಹಾರಿದ್ದರು. ಹೆಂಗಸರ ಮೇಲಿನ ಅತ್ಯಾಚಾರದ ಘೋರ ಆಪಾದನೆಗಳು ಊರೂರಲ್ಲಿ ಹರಡಿದ್ದ ಹೊತ್ತದು. ವೀಸಾ ಬೇಕಾಗಲಿಲ್ಲವೇ? ಬೇಕಾಗಲಿಲ್ಲ. ಅವರ ಕೈಯಲ್ಲಿದ್ದದ್ದು ರಾಜತಾಂತ್ರಿಕ ಪಾಸ್‌ಪೋರ್ಟು.

ನಮ್ಮ ಓದುಗರಲ್ಲಿ ಎಷ್ಟೋ ಮಂದಿಗೆ ಈ ವ್ಯತ್ಯಾಸ ತಿಳಿದಿರಲಿಕ್ಕಿಲ್ಲ. ಭಾರತ ಸರ್ಕಾರ ಕೊಡುವ ರಹದಾರಿಗೆ ಮೂರು ಬಣ್ಣ. ನಿಮಗೂ ನಮಗೂ ಕೊಡುವುದು ಕಡುನೀಲಿ. ಸರ್ಕಾರದ ಕೆಲಸಕ್ಕೆ ಹೊರದೇಶಕ್ಕೆ ಹೋಗುವ ನೌಕರರಿಗೆ ಬಿಳಿ. ರಾಯಭಾರಿಗಳಿಗೆ, ಮಂತ್ರಿಗಳಿಗೆ, ಸಂಸತ್ ಸದಸ್ಯರಿಗೆ ಕಂದುಗೆಂಪು. ಈ ಕೆಂಪು ಪುಸ್ತಕ ಹಿಡಿದವರಿಗೆ ವೀಸಾ ಬೇಡವೆಂದು ನಮ್ಮ ಸರ್ಕಾರ ಅನೇಕ ದೇಶಗಳೊಡನೆ ಕರಾರು ಮಾಡಿಕೊಂಡಿದೆ. ಜರ್ಮನಿಯೊಡನೆ ಅಂಥ ಕರಾರು 2011ರಲ್ಲೇ ಆಗಿದೆ. ದೇಶದ ಕೆಲಸಕ್ಕೆ ಹೋಗುವವರು ಕೌಂಟರಿನ ಮುಂದೆ ಕಾಯಬಾರದು ಎಂಬ ಉದ್ದೇಶ ಸರಿಯಾದದ್ದೇ. ಆದರೆ ಅದೇ ಪುಸ್ತಕ ಪೊಲೀಸರಿಂದ ದೂರ ಹೋಗುವುದಕ್ಕೂ ಒದಗಿತು. ಈ ಪ್ರಯಾಣಕ್ಕೆ ತಮ್ಮಿಂದ ಅನುಮತಿ ಕೇಳಿಯೂ ಇರಲಿಲ್ಲ, ಕೊಟ್ಟೂ ಇರಲಿಲ್ಲ ಎಂದು ವಿದೇಶಾಂಗ ಇಲಾಖೆ ಮೇ ಮೊದಲ ವಾರದಲ್ಲಿ ಹೇಳಿತು. ಹೇಳಿ ಸುಮ್ಮನಾಯಿತು.

ಅಲ್ಲಿಂದ ಮುಂದೆ ನಡೆದದ್ದು ಬೆಂಗಳೂರು ದೆಹಲಿಗಳ ಕಾಗದದ ಕಾಳಗ. ಆ ಪಾಸ್‌ಪೋರ್ಟನ್ನು ರದ್ದು ಮಾಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೇ 1ರಂದು ಪ್ರಧಾನಿಗೆ ಬರೆದರು. ಉತ್ತರವಿಲ್ಲವೆಂದು ಮೇ ಮೂರನೆಯ ವಾರ ಕಳೆದ ಮೇಲೆ ಮತ್ತೆ ಬರೆದರು. ರಾಜ್ಯದ ಕೋರಿಕೆ ತಮಗೆ ಬಂದದ್ದೇ ಮೇ 21ರಂದು, ಬಂದ ಕೂಡಲೇ ಕ್ರಮ ಕೈಗೊಂಡೆವು ಎಂದು ವಿದೇಶಾಂಗ ಮಂತ್ರಿ ಜೈಶಂಕರ್ ಅವರು ಸಮಾಧಾನ ಹೇಳಿದರು. ಯಾರ ಕಾಗದ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತೆಂಬ ವಿಚಾರಣೆ ನಮಗೆ ಬೇಡ. ಒಂದು ಲೆಕ್ಕ ಮಾತ್ರ ಜನರ ಮುಂದಿದೆ: ಏಪ್ರಿಲ್ 27ರಿಂದ ಮೇ 31ರ ಬೆಳಗಿನ ಜಾವದವರೆಗೆ, ಮ್ಯೂನಿಕ್‌ನಿಂದ ಬಂದ ವಿಮಾನ ಬೆಂಗಳೂರಿನಲ್ಲಿ ಇಳಿದು ಪೊಲೀಸರು ಬಂಧಿಸುವವರೆಗೆ, ಒಂದು ತಿಂಗಳಿಗೂ ಮಿಕ್ಕಿ ಆ ಕೆಂಪು ಪುಸ್ತಕ ತನ್ನ ಯಜಮಾನನನ್ನು ಕಾಯಿತು. ಮರುವರ್ಷ, 2025ರ ಆಗಸ್ಟ್‌ನಲ್ಲಿ, ಮನೆಗೆಲಸದ ಹೆಣ್ಣುಮಗಳೊಬ್ಬಳ ಮೇಲಿನ ಅತ್ಯಾಚಾರಕ್ಕಾಗಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ಅದರ ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು.

ಇದು ಮೊದಲ ಸಲವೇನೂ ಅಲ್ಲ. ಕರ್ನಾಟಕದ ಶಾಸಕರ ಮತದಿಂದ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ ಅವರು 2016ರ ಮಾರ್ಚ್ 2ರಂದು ಇಂಗ್ಲೆಂಡಿಗೆ ಹೊರಟಾಗಲೂ ಕೈಯಲ್ಲಿದ್ದದ್ದು ಇದೇ ಬಣ್ಣದ ಪುಸ್ತಕ. ಬ್ಯಾಂಕುಗಳ ಸಾವಿರಾರು ಕೋಟಿ ಒತ್ತಟ್ಟಿಗಿರಲಿ, ಅವರ ವಿಮಾನ ಕಂಪನಿಯ ನೌಕರರಿಗೆ ತಿಂಗಳುಗಟ್ಟಲೆಯ ಸಂಬಳವೇ ಬಾಕಿಯಿತ್ತು. ಸರ್ಕಾರ ಆ ಪಾಸ್‌ಪೋರ್ಟನ್ನು ರದ್ದು ಮಾಡಿದ್ದು ಏಪ್ರಿಲ್ ಕೊನೆಯಲ್ಲಿ. ಆಮೇಲೆ ಇಂಗ್ಲೆಂಡಿನವರು ಏನೆಂದರು? ಬರುವಾಗ ಪಾಸ್‌ಪೋರ್ಟು ಸರಿಯಿತ್ತು, ಈಗ ಅದು ರದ್ದಾಯಿತೆಂದು ಹೊರಗಟ್ಟಲು ನಮ್ಮ ಕಾನೂನಿನಲ್ಲಿ ಜಾಗವಿಲ್ಲ ಎಂದರು. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕುವ ಈ ಬುದ್ಧಿ 2016ರಲ್ಲಿ ಪಾಠವಾಗಿದ್ದರೆ 2024ರಲ್ಲಿ ಹಾಸನದ ಮಾನ ಜರ್ಮನಿಯ ಬೀದಿಗೆ ಬೀಳುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಯಾರ ಮೇಲೆ ಸಿಟ್ಟು ಬಂದರೆ ಅವರ ರಹದಾರಿಯನ್ನು ಸರ್ಕಾರ ಕಿತ್ತುಕೊಳ್ಳಲಿ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಸಮಾಜವಾದಿಗಳಿಗೆ ಶೋಭೆಯಲ್ಲ. ಹೊರದೇಶಕ್ಕೆ ಹೋಗುವುದು ಸರ್ಕಾರ ಎಸೆಯುವ ಭಿಕ್ಷೆಯಲ್ಲ, ಪ್ರಜೆಯ ಸ್ವಾತಂತ್ರ್ಯದ ಭಾಗ ಎಂದು 1965ರಲ್ಲೇ ಹೇಳಿದ ನ್ಯಾಯಾಲಯಗಳಲ್ಲಿ ನಮ್ಮ ಮೈಸೂರು ಹೈಕೋರ್ಟೂ ಒಂದು. 1967ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಮುಖ್ಯ ನ್ಯಾಯಾಧೀಶ ಸುಬ್ಬರಾಯರ ಕಾಲದಲ್ಲಿ, ಅದನ್ನೇ ಎತ್ತಿ ಹಿಡಿಯಿತು. ಅಲ್ಲಿಯವರೆಗೆ ಪಾಸ್‌ಪೋರ್ಟು ಕೊಡುವುದೂ ಬಿಡುವುದೂ ಅಧಿಕಾರಿಯ ಮರ್ಜಿ. ಆ ತೀರ್ಪಿನ ಬಿಸಿ ತಟ್ಟಿದ ಮೇಲೆಯೇ ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂದದ್ದು. ಹತ್ತು ವರ್ಷ ಕಳೆದು 1977ರಲ್ಲಿ ಜನತಾ ಸರ್ಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣವನ್ನೂ ತಿಳಿಸದೆ ಮುಟ್ಟುಗೋಲು ಹಾಕಿಕೊಂಡಿತು. ತುರ್ತುಪರಿಸ್ಥಿತಿಯ ಜೈಲಿನಿಂದ ಬಂದ ಸಮಾಜವಾದಿಗಳೂ ಆ ಸರ್ಕಾರದಲ್ಲಿದ್ದರು ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. 1978ರ ಜನವರಿ 25ರ ತೀರ್ಪು ಅದಕ್ಕೆ ಕೊಟ್ಟ ಉತ್ತರ: ಪ್ರಜೆಯ ಸ್ವಾತಂತ್ರ್ಯವನ್ನು ಕಸಿಯುವ ಕ್ರಮ ನ್ಯಾಯವಾಗಿರಬೇಕು, ಅವನ ಮಾತನ್ನು ಕೇಳಬೇಕು. ಇಂದು ಜೈಲಿನಲ್ಲಿರುವ ಬಡವನ ಪರ ವಕೀಲರು ಆ ತೀರ್ಪನ್ನೇ ಹಿಡಿದು ವಾದಿಸುತ್ತಾರೆ. ಆದ್ದರಿಂದ ನೀಲಿ ಪುಸ್ತಕ ಹಕ್ಕು. ಕೆಂಪು ಪುಸ್ತಕ ಹಕ್ಕಲ್ಲ, ಸವಲತ್ತು. ಕೆಲಸಕ್ಕೆಂದು ಕೊಟ್ಟ ಉಪಕರಣ. ರೈಲ್ವೆ ಗಾರ್ಡನ ಹಸಿರು ಬಾವುಟವನ್ನು ಅವನು ಮನೆಯ ಮದುವೆಗೆ ತೋರಣ ಕಟ್ಟಲು ಒಯ್ಯುವಂತಿಲ್ಲ.

ಇನ್ನು ನೀಲಿ ಪುಸ್ತಕದವರ ಪಾಡೇನು ನೋಡೋಣ.

2023ರ ಜೂನ್ 18ರಂದು ಕೆನಡಾ ದೇಶದ ಸರ್ರೆ ಎಂಬಲ್ಲಿ ಹರ್‌ದೀಪ್ ಸಿಂಗ್ ನಿಜ್ಜರ್ ಎಂಬ ಖಾಲಿಸ್ತಾನ್ ಪಂಥದವನ ಕೊಲೆಯಾಯಿತು. ಮೂರು ತಿಂಗಳು ಕಳೆದು, ನಾವಿಲ್ಲಿ ಗೌರಿ ಗಣೇಶ ಹಬ್ಬದ ಸಡಗರದಲ್ಲಿದ್ದಾಗ, ಸೆಪ್ಟೆಂಬರ್ 18ರಂದು ಆ ದೇಶದ ಅಂದಿನ ಪ್ರಧಾನಿ ಟ್ರೂಡೋ ಅವರು ಈ ಕೊಲೆಗೂ ಭಾರತ ಸರ್ಕಾರದ ಏಜೆಂಟರಿಗೂ ನಂಟಿರಬಹುದೆಂದು ತಮ್ಮ ಸಂಸತ್ತಿನಲ್ಲಿ ಹೇಳಿದರು. ಭಾರತ ಸರ್ಕಾರ ಅದನ್ನು ಅಸಂಬದ್ಧವೆಂದು ತಳ್ಳಿಹಾಕಿತು. ಅವರು ನಮ್ಮ ಒಬ್ಬ ಅಧಿಕಾರಿಯನ್ನು ಕಳುಹಿಸಿದರು, ನಾವು ಅವರ ಒಬ್ಬರನ್ನು ಕಳುಹಿಸಿದೆವು. ಇಷ್ಟರವರೆಗೆ ಸರಿ, ಎರಡು ಸರ್ಕಾರಗಳು ಜಗಳವಾಡಿದಾಗ ಅಧಿಕಾರಿಗಳು ಗಂಟುಮೂಟೆ ಕಟ್ಟುವುದು ಹಳೆಯ ಪದ್ಧತಿ. ಅದಕ್ಕಾಗಿಯೇ ಅವರಿಗೆ ಸಂಬಳ.

ಸೆಪ್ಟೆಂಬರ್ 21ರಂದು ಭಾರತ ಸರ್ಕಾರ ಕೆನಡಾದ ಪ್ರಜೆಗಳಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತು. ನಮ್ಮ ಕಚೇರಿಗಳಿಗೆ ಬೆದರಿಕೆಯಿದೆ, ನೌಕರರು ಕೆಲಸ ಮಾಡುವಂತಿಲ್ಲ ಎಂಬುದು ಕೊಟ್ಟ ಕಾರಣ. ಬೆದರಿಕೆ ಇದ್ದಿರಬಹುದು. ಆದರೆ ಕಚೇರಿಗೆ ಕಾಲಿಡದೆ ಮನೆಯಿಂದಲೇ ಅರ್ಜಿ ಹಾಕುವ ಇ-ವೀಸಾವನ್ನೂ ನಿಲ್ಲಿಸಿದ್ದೇಕೆ? ಅದಕ್ಕೆ ನಮಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ. ಕೆನಡಾದ ಪ್ರಜೆಗಳೆಂದರೆ ಯಾರು? ಅವರಲ್ಲಿ ಲಕ್ಷಗಟ್ಟಲೆ ಜನ ಇಲ್ಲಿಂದಲೇ ಹೋಗಿ ನೆಲೆನಿಂತವರು, ಅವರ ಮಕ್ಕಳು. ಸಾಗರದಾಚೆಯ ಭಾರತೀಯರೆಂಬ ಓ.ಸಿ.ಐ. ಚೀಟಿ ಮಾಡಿಸಿಕೊಂಡ ಸ್ಥಿತಿವಂತರಿಗೆ ತೊಂದರೆಯಾಗಲಿಲ್ಲ, ಮಾಡಿಸಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷ ವಿಜಯದಶಮಿ ಬಿದ್ದದ್ದು ಅಕ್ಟೋಬರ್ 24ರಂದು. ವೀಸಾ ಬಾಗಿಲು ಒಂದಿಷ್ಟು ತೆರೆದದ್ದು 26ರಂದು, ಅದೂ ನಾಲ್ಕು ಬಗೆಯವರಿಗೆ ಮಾತ್ರ. ಇ-ವೀಸಾ ಮತ್ತೆ ಆರಂಭವಾದದ್ದು ನವೆಂಬರ್ 22ರಂದು, ಆಗ ದೀಪಾವಳಿಯೂ ಮುಗಿದಿತ್ತು. ಎರಡು ತಿಂಗಳಲ್ಲಿ ಎಷ್ಟು ಮದುವೆಗಳಿಗೆ ಸೋದರಮಾವ ಬರಲಿಲ್ಲ, ಎಷ್ಟು ತಾಯಂದಿರ ಕೊನೆಗಾಲಕ್ಕೆ ಮಗ ಬಂದು ಮುಟ್ಟಲಿಲ್ಲ ಎಂಬ ಲೆಕ್ಕವನ್ನು ಯಾವ ಸಚಿವಾಲಯವೂ ಇಟ್ಟಿಲ್ಲ.

ಏಟಿಗೆ ಎದುರೇಟು ಬೀಳಲೇಬೇಕಲ್ಲ. ಕೆನಡಾದ ಅಧಿಕಾರಿಗಳ ಸಂಖ್ಯೆ ನಮ್ಮವರ ಸಂಖ್ಯೆಗೆ ಸಮವಾಗಿರಬೇಕೆಂದು ದೆಹಲಿ ಪಟ್ಟು ಹಿಡಿಯಿತು. ಅಕ್ಟೋಬರ್ 19ರಂದು ಅವರು 41 ಮಂದಿಯನ್ನು ಹಿಂದಕ್ಕೆ ಕರೆಸಿಕೊಂಡರು. ಉಳಿದವರು 21. ಬೆಂಗಳೂರು, ಮುಂಬಯಿ, ಚಂಡೀಗಢದ ಅವರ ಕಾನ್ಸುಲ್ ಕಚೇರಿಗಳಲ್ಲಿ ಜನರನ್ನು ನೇರವಾಗಿ ಕಾಣುವ ಕೆಲಸ ನಿಂತಿತು. ವೀಸಾ ಮತ್ತು ವಲಸೆಯ ಕೆಲಸಕ್ಕೆ ಭಾರತದಲ್ಲಿದ್ದ ಅವರ ನೌಕರರು 27ರಿಂದ 5ಕ್ಕೆ ಇಳಿದರು. ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪನಿಯ ಕೌಂಟರುಗಳೇನೋ ತೆರೆದೇ ಇದ್ದವು. ಹಣ ಕಟ್ಟಿಸಿಕೊಳ್ಳುವ ಕೆಲಸ ಯಾವ ಯುದ್ಧದಲ್ಲೂ ನಿಲ್ಲುವುದಿಲ್ಲ. ಕಟ್ಟಿದ ಅರ್ಜಿಯನ್ನು ಓದುವವರು ಐದು ಜನ!

ಇದರ ಬಿಸಿ ಯಾರಿಗೆ ತಟ್ಟಿತು? ಆ ವರ್ಷಗಳಲ್ಲಿ ಕೆನಡಾಕ್ಕೆ ಓದಲು ಹೋಗುವ ಪರದೇಶಿ ಹುಡುಗರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಭಾರತದವರು. ಹೋಗುವ ವಿದ್ಯಾರ್ಥಿ ಜೀವನಕ್ಕೆ ಹಣವಿದೆಯೆಂದು ತೋರಿಸಲು ಮೊದಲು 10,000 ಕೆನಡಾ ಡಾಲರ್ ಸಾಕಾಗುತ್ತಿತ್ತು. 2024ರ ಜನವರಿ 1ರಿಂದ ಅದನ್ನು 20,635 ಡಾಲರಿಗೆ ಏರಿಸಿದರು. 2023ರ ಶರತ್ಕಾಲದಲ್ಲಿ ಅರ್ಜಿ ತಡವಾದವನು ಹೊಸ ವರ್ಷದಲ್ಲಿ ಹಾಕಿದರೆ ಎರಡರಷ್ಟು ಹಣ ತೋರಿಸಬೇಕು. ತೋಟ ಅಡವಿಟ್ಟವನಿಗೆ ಬ್ಯಾಂಕಿನ ಬಡ್ಡಿ ಮಾತ್ರ ದಿನ ತಪ್ಪದೆ ಓಡುತ್ತದೆ. ಅದಕ್ಕೆ ಟ್ರೂಡೋ ಯಾರು, ನಿಜ್ಜರ್ ಯಾರು?

ಮುಂದೆ 2024ರ ಅಕ್ಟೋಬರ್‌ನಲ್ಲಿ ಎರಡೂ ಕಡೆ ಆರಾರು ಅಧಿಕಾರಿಗಳನ್ನು ಹೊರಗಟ್ಟಿದರು. ಟ್ರೂಡೋ ಇಳಿದರು, ಕಾರ್ನಿ ಬಂದರು. 2025ರ ಜೂನ್‌ನಲ್ಲಿ ಇಬ್ಬರು ಪ್ರಧಾನಿಗಳು ಕೆನಡಾದಲ್ಲೇ ಭೇಟಿಯಾಗಿ ಕೈಕುಲುಕಿದರು. ಆಗಸ್ಟ್‌ನಲ್ಲಿ ಹೊಸ ಹೈಕಮಿಷನರುಗಳ ಹೆಸರು ಹೊರಬಿತ್ತು. ದೊಡ್ಡವರ ಜಗಳ ಹೀಗೆಯೇ, ರಾಜಿಯೂ ಆಗುತ್ತದೆ. ರಾಜಿಯಾದ ದಿನ ಎರಡು ವರ್ಷದ ಹಿಂದಿನ ಬಡ್ಡಿಯನ್ನು ಯಾರೂ ಹಿಂತಿರುಗಿಸುವುದಿಲ್ಲ.

ಕೆನಡಾದವರಿಗೆ ಈ ವಿದ್ಯೆ ಹೊಸದಲ್ಲ. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಮಂದಿಯನ್ನು, ಬಹುಪಾಲು ಪಂಜಾಬಿನ ಸಿಖ್ಖರನ್ನು, ಹೊತ್ತು ವ್ಯಾಂಕೋವರ್ ಬಂದರಿಗೆ ಬಂದಿತು. ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬುದು ಅಲ್ಲಿನ ಕಟ್ಟಳೆ. ಭಾರತದಿಂದ ಹಾಗೆ ನೇರ ಬರುವ ಹಡಗೇ ಇರಲಿಲ್ಲ ಎಂಬುದು ಆ ಕಟ್ಟಳೆಯ ಜಾಣತನ. ಎರಡು ತಿಂಗಳು ನೀರಿನ ಮೇಲೆ ಕಾಯಿಸಿ, ಇಪ್ಪತ್ತನಾಲ್ಕು ಮಂದಿಯನ್ನು ಮಾತ್ರ ಇಳಿಸಿಕೊಂಡು, ಉಳಿದವರನ್ನು ಹಿಂದಕ್ಕೆ ಅಟ್ಟಿದರು. ಕಲ್ಕತ್ತೆಯ ಬಳಿ ಬಜ್ ಬಜ್‌ನಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಗುಂಡಿನಿಂದ ಸ್ವಾಗತಿಸಿತು. ನೂರ ಎರಡು ವರ್ಷ ಕಳೆದು, 2016ರಲ್ಲಿ, ಇದೇ ಟ್ರೂಡೋ ಅವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಒಳ್ಳೆಯದು. ನಮ್ಮ ತಕರಾರೆಂದರೆ ವಿದ್ಯೆಯನ್ನು ಅವರಿಂದ ನಾವು ಕಲಿಯಬೇಕಾಗಿರಲಿಲ್ಲ ಎಂಬುದು.

ಕೆನಡಾ ಒಂದೇ ಅಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ನೂರಕ್ಕೆ ಐವತ್ತು ಸುಂಕ ಹೇರಿತು. ಆ ಜಗಳ ಆರುವ ಮೊದಲೇ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ ಹೊರಟಿತು, 21ರಿಂದಲೇ ಜಾರಿ. ನವರಾತ್ರಿಗೆಂದು ಊರಿಗೆ ಬಂದಿದ್ದವರು ಹಬ್ಬ ಬಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದರು. ವಿಮಾನ ಹತ್ತಿ ಕುಳಿತವರು ಇಳಿದುಹೋದರು. ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅಷ್ಟರಲ್ಲಿ ಕೊನೆಗಳಿಗೆಯ ಟಿಕೆಟ್ಟಿಗೆ ತೆತ್ತ ಹಣ ವಿಮಾನ ಕಂಪನಿಗಳ ಪೆಟ್ಟಿಗೆ ಸೇರಿತ್ತು. ಬೆಂಗಳೂರಿಗೆ ಅಮೆರಿಕದ ಕಾನ್ಸುಲ್ ಕಚೇರಿ ಬಂದಿತೆಂದು 2025ರ ಜನವರಿಯಲ್ಲಿ ದೀಪ ಹಚ್ಚಿದಾಗ ಪಟಾಕಿ ಹಾರಿಸಿದವರು, ಅಂದು ಅಲ್ಲಿ ವೀಸಾ ಕೊಡುವ ಕೆಲಸವೇ ಆರಂಭವಾಗಿರಲಿಲ್ಲ ಎಂಬುದನ್ನು ಮೆಲ್ಲಗೆ ಹೇಳಿದರು. ಕನ್ನಡಿಗರಿಗೆ ಮದರಾಸಿನ ರೈಲು ತಪ್ಪಲಿಲ್ಲ.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ರಾಕ್ಷಸೀ ಹತ್ಯೆ ನಡೆಯಿತು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೊಬ್ಬರಿದ್ದರು. ಈ ಸೀಮೆಗೆಲ್ಲ ಅದು ಮನೆಯ ಸಾವು. ಪಾಕಿಸ್ತಾನದ ಪ್ರಜೆಗಳ ವೀಸಾಗಳು ರದ್ದಾದವು, ಅಟ್ಟಾರಿಯ ಗಡಿ ಮುಚ್ಚಿತು. ಆ ಗಳಿಗೆಯಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕಿತ್ತೆಂದು ಯಾರೂ ಹೇಳಲಾರರು. ಆದರೂ ಚಿಕಿತ್ಸೆಗೆಂದು ಬಂದು ಮಲಗಿದ್ದ ರೋಗಿಗೂ ಎರಡು ದಿನ ಹೆಚ್ಚು, ಅಷ್ಟೇ. ಏಪ್ರಿಲ್ 29ರೊಳಗೆ ಹೊರಡು ಎಂಬುದು ಆಜ್ಞೆ. ಭಾರತದ ಪಾಸ್‌ಪೋರ್ಟಿನ ತಾಯಿ ಗಡಿಯ ಈಚೆ, ಪಾಕಿಸ್ತಾನದ ಪಾಸ್‌ಪೋರ್ಟಿನ ಮಕ್ಕಳು ಆಚೆ ಎಂಬ ದೃಶ್ಯ ದೇಶವೇ ನೋಡಿತು. ಕೊಲೆಗಡುಕರು ವೀಸಾ ಕೇಳಿಕೊಂಡು ಬಂದವರಲ್ಲ.

ಚೀನಾದ ಕತೆ ಇನ್ನೊಂದು ಬಗೆ. 2020ರಿಂದ ಐದು ವರ್ಷ ಕೈಲಾಸ ಮಾನಸ ಸರೋವರದ ಯಾತ್ರೆ ನಿಂತಿತ್ತು. 2025ರ ಜೂನ್‌ನಲ್ಲಿ ಮತ್ತೆ ಹೊರಟಿತು. ಅಲ್ಲಿ ವೈದ್ಯಕೀಯ ಓದುತ್ತಿದ್ದ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ನಮ್ಮ ಹುಡುಗರು 2020ರಿಂದ 2022ರ ಆಗಸ್ಟ್‌ವರೆಗೆ ಮನೆಯಲ್ಲಿ ಕುಳಿತು ಗಣಕದ ತೆರೆಯ ಮೇಲೆ ಶಸ್ತ್ರಚಿಕಿತ್ಸೆ ಕಲಿತರು. ಅರುಣಾಚಲದ ಆಟಗಾರರಿಗೆ ಪುಸ್ತಕಕ್ಕೆ ಮುದ್ರೆ ಒತ್ತದೆ ಬಿಡಿ ಹಾಳೆಯ ವೀಸಾ ಪಿನ್ನು ಹೊಡೆದು ಕೊಟ್ಟು 2023ರಲ್ಲಿ ಚೀನಾ ಮಾಡಿದ್ದು ಶುದ್ಧ ಕಿಡಿಗೇಡಿತನ. ಆಗ ನಮ್ಮ ತಂಡವನ್ನು ಕಳುಹಿಸದೆ ಉಳಿಸಿಕೊಂಡದ್ದು ಸರಿಯೇ.

ದೇಶದ ಮಾನ ಎಂಬ ಮಾತು ಇಲ್ಲಿ ಬರುತ್ತದೆ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ಉಪ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಗಡೆಯವರನ್ನು ಬಂಧಿಸಿದಾಗ ದೇಶವೆಲ್ಲ ಸಿಟ್ಟಿಗೆದ್ದಿತು. ಮಹಿಳಾ ಅಧಿಕಾರಿಯೊಬ್ಬರನ್ನು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದು ನೀಚ ಕೆಲಸ, ಸಿಟ್ಟು ನ್ಯಾಯವೇ. ದೆಹಲಿಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಮುಂದಿನ ತಡೆಗಳನ್ನು ಕಿತ್ತು ಹಾಕಿದರು. ಆದರೆ ಮೊಕದ್ದಮೆ ಯಾವುದರ ಬಗ್ಗೆ? ಮನೆಗೆಲಸಕ್ಕೆಂದು ಕರೆದೊಯ್ದ ಹೆಣ್ಣುಮಗಳ ವೀಸಾ ಅರ್ಜಿಯಲ್ಲಿ ಗಂಟೆಗೆ 9 ಡಾಲರ್ 75 ಸೆಂಟ್ ಕೂಲಿ ಎಂದು ಬರೆದು, ಕೊಟ್ಟದ್ದು ಅದರ ಅರ್ಧಕ್ಕೂ ಕಡಮೆ ಎಂಬ ಆಪಾದನೆಯ ಬಗ್ಗೆ. ಎರಡು ಸರ್ಕಾರಗಳು ಒಂದು ತಿಂಗಳು ಗುದ್ದಾಡಿ, ಅಧಿಕಾರಿ ಪೂರ್ಣ ರಕ್ಷಣೆಯೊಡನೆ ಊರಿಗೆ ಬಂದರು. ಕೂಲಿಯ ಆಪಾದನೆ ನಿಜವೋ ಸುಳ್ಳೋ ಎಂದು ನಮ್ಮ ಸಂಸತ್ತಿನಲ್ಲಿ ಎಷ್ಟು ಮಂದಿ ಕೇಳಿದರು? ಕೂಲಿ ಹೆಚ್ಚಳ ಕೇಳಿದ ದಿನ ಗಿರಣಿಯ ಬಾಗಿಲಲ್ಲಿ ನಿಂತ ಅನುಭವವಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಎದುರಿಗೆ ಡಾಕ್ಟರ್ ಲೋಹಿಯಾರನ್ನು ನಿಲ್ಲಿಸಿ ನೋಡಬೇಕು. 1951ರ ಜೂನ್‌ನಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ನಮ್ಮ ಸಾಗರದಲ್ಲಿ ಸೆರೆಯಾದವರು ಅವರು. 1964ರ ಮೇ ತಿಂಗಳಲ್ಲಿ, ಆಗ ಲೋಕಸಭೆಯ ಸದಸ್ಯರಾಗಿದ್ದ ಅವರು, ಅಮೆರಿಕದ ಜ್ಯಾಕ್ಸನ್ ಎಂಬ ಊರಿನಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಮನೆಗೆ ಧೋತಿ ಉಟ್ಟು ಹೋದರು; ಪೊಲೀಸರು ಹಿಡಿದರು. ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ತಮ್ಮೊಬ್ಬರಿಗೆ ಆದ ಅವಮಾನದ ಮಾತೇ ಇದಲ್ಲ ಎಂಬ ಧಾಟಿಯಲ್ಲಿ ಅವರು ಉತ್ತರಿಸಿದರು. ಸಂಸತ್ ಸದಸ್ಯನೆಂಬ ರಕ್ಷಣೆಯ ಕೊಡೆಯನ್ನು ಬಿಚ್ಚದೆ, ಕರಿಯರ ಜೊತೆ ಮಳೆಯಲ್ಲಿ ನೆನೆಯುವುದು ಅವರು ಆರಿಸಿಕೊಂಡ ದಾರಿ.

ನಮ್ಮ ನೆರೆಯ ಚನ್ನಗಿರಿ, ಶಿವಮೊಗ್ಗದ ಕಡೆಯ ಹಕ್ಕಿಪಿಕ್ಕಿ ಜನರ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ಕಾಡಿನ ಎಣ್ಣೆ, ಬೇರು ನಾರು ಮಾರುತ್ತ ಆಫ್ರಿಕದವರೆಗೆ ನೀಲಿ ಪುಸ್ತಕ ಹಿಡಿದು ಹೋಗುವ ಧೈರ್ಯಶಾಲಿಗಳು ಅವರು. ಇವರಷ್ಟು ದೇಶ ಕಂಡ ಸಣ್ಣ ವ್ಯಾಪಾರಿ ನಮ್ಮ ಸೀಮೆಯಲ್ಲಿ ಬೇರೆ ಯಾರಿದ್ದಾರೆ? 2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಸೈನ್ಯದ ಎರಡು ಬಣಗಳ ನಡುವೆ ಗುಂಡಿನ ಕಾಳಗ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಅನ್ನ ನೀರಿಲ್ಲದೆ ಸಿಕ್ಕಿಬಿದ್ದರು. ಅಲ್ ಫಾಶರ್‌ನಲ್ಲಿ 31 ಮಂದಿ ಇದ್ದಾರೆ, ಕಾಪಾಡಿ ಎಂದು ಅಂದು ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಬರೆದರೆ, ಇದನ್ನು ರಾಜಕೀಯ ಮಾಡಬೇಡಿ ಎಂದು ವಿದೇಶಾಂಗ ಮಂತ್ರಿಗಳು ಗದರಿದರು. ರಾಜ್ಯದಲ್ಲಿ ಚುನಾವಣೆಯ ಕಾಲ, ಇಬ್ಬರಿಗೂ ಅದರ ನೆನಪಿತ್ತು. ಆಮೇಲೆ ‘ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಹಡಗು ವಿಮಾನಗಳ ಮೂಲಕ 3,862 ಮಂದಿಯನ್ನು ಸುಡಾನಿನಿಂದ ಹೊರತಂದರು. ಸರ್ಕಾರ ಮನಸ್ಸು ಮಾಡಿದರೆ ಏನು ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಆ ಕೆಲಸಕ್ಕೆ ನಮ್ಮ ಮೆಚ್ಚುಗೆಯಿದೆ.

ಮೆಚ್ಚಲಾಗದ್ದು 2025ರ ಹಜ್ ಯಾತ್ರೆಯ ವಿಷಯ. ಭಾರತಕ್ಕೆ ಗೊತ್ತಾದ 1,75,025 ಜಾಗಗಳಲ್ಲಿ ಸುಮಾರು 52,000 ಖಾಸಗಿ ಯಾತ್ರಾ ಸಂಸ್ಥೆಗಳ ಪಾಲು. ಸೌದಿಯವರು ಹಾಕಿದ ಗಡುವಿನೊಳಗೆ ಬಿಡಾರದ ಏರ್ಪಾಡು, ಹಣ ಸಂದಾಯ ಆಗಲಿಲ್ಲವೆಂದು ಆ ಪಾಲು ಬಹುಮಟ್ಟಿಗೆ ಕೈತಪ್ಪಿತು. ಬೇಡಿಕೊಂಡ ಮೇಲೆ 10,000 ಮಂದಿಗೆ ಅವಕಾಶ ಸಿಕ್ಕಿತು. ಸಂಸ್ಥೆಗಳು ಸರ್ಕಾರದ ಕಡೆ ಬೆರಳು ತೋರಿದವು, ಸರ್ಕಾರ ಸಂಸ್ಥೆಗಳ ಕಡೆ. ಬೀಡಿ, ಬಾಳೆಹಣ್ಣು ಮಾರಿ ಇಡೀ ಜನ್ಮ ಕೂಡಿಟ್ಟ ಮುದುಕನಿಗೆ ಇನ್ನೊಂದು ವರ್ಷ ಕಾಯಿರಿ ಎಂಬುದು ಸಣ್ಣ ಮಾತಲ್ಲ.

ಹಣದ ಮಾತು ಬಂದಿತಾದ್ದರಿಂದ ಅಂಗಡಿಕಾರರಿಗೆ ತಿಳಿಯುವ ಲೆಕ್ಕವೊಂದನ್ನು ಕೊಡುತ್ತೇವೆ. ಯೂರೋಪಿನ ಶೆಂಗೆನ್ ದೇಶಗಳ ವೀಸಾ ಅರ್ಜಿಗೆ 2024ರ ಜೂನ್‌ನಿಂದ 90 ಯೂರೋ. ಆ ವರ್ಷ ಭಾರತದಿಂದ ಹೋದ ಅರ್ಜಿಗಳು ಹನ್ನೊಂದು ಲಕ್ಷ ದಾಟಿದವು, ಅದರಲ್ಲಿ ಒಂದು ಲಕ್ಷ ಅರುವತ್ತೈದು ಸಾವಿರ ತಿರಸ್ಕಾರವಾದವು. ತಿರಸ್ಕಾರವಾದರೂ ಹಣ ವಾಪಸಿಲ್ಲ. ನಮ್ಮ ಯಾವ ವರ್ತಕನಾದರೂ ಸಾಮಾನು ಕೊಡದೆ ಹಣ ಇಟ್ಟುಕೊಂಡರೆ ಸಂತೆಯಲ್ಲಿ ಎರಡನೆಯ ವಾರ ಅಂಗಡಿ ಹಾಕಬಲ್ಲನೆ?

ಪರದೇಶದ ಸರ್ಕಾರಗಳನ್ನು ತಿದ್ದುವ ಶಕ್ತಿ ಕಡೂರಿಗಿಲ್ಲ. ನಮ್ಮ ಸರ್ಕಾರದಿಂದ ಕೇಳಬಹುದಾದದ್ದನ್ನು ಕೇಳೋಣ. ಸರ್ಕಾರಗಳು ಮುನಿಸಿಕೊಂಡರೆ ರಾಯಭಾರಿಗಳನ್ನು ವಾಪಸು ಕಳುಹಿಸಲಿ, ಔತಣಗಳನ್ನು ನಿಲ್ಲಿಸಲಿ. ವೀಸಾ ಬಾಗಿಲಿಗೆ ಬೀಗ ಹಾಕುವುದು ಕಟ್ಟಕಡೆಯ ಅಸ್ತ್ರವಾಗಿರಲಿ. ಹಾಕಲೇಬೇಕಾಗಿ ಬಂದರೂ ಈಗಾಗಲೇ ಅರ್ಜಿ ಕೊಟ್ಟವರ, ರೋಗಿಗಳ, ಸಾವಿನ ಮನೆಗೆ ಬರುವವರ, ಓದುವ ಹುಡುಗರ ಅರ್ಜಿಗಳು ನಡೆಯುತ್ತಿರಲಿ ಎಂದು ಎದುರು ದೇಶದೊಡನೆ ಮೊದಲೇ ಕರಾರಿರಬೇಕು. ಅಧಿಕಾರಿಗಳಿಗೆ ವೀಸಾ ಬೇಡವೆಂದು ಅಷ್ಟೊಂದು ದೇಶಗಳೊಡನೆ ಕರಾರು ಮಾಡಿಕೊಳ್ಳಲು ಸಾಧ್ಯವಾದವರಿಗೆ ಇದೊಂದು ಅಸಾಧ್ಯವೇ?

ಕೇರಳ ಸರ್ಕಾರ ಹೊರದೇಶಕ್ಕೆ ಹೋದ ತನ್ನ ಜನರಿಗಾಗಿ 1996ರಲ್ಲೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ನಮ್ಮಲ್ಲಿ ಅನಿವಾಸಿ ಎಂದರೆ ಬಂಡವಾಳ ತರುವವನು ಎಂಬುದೇ ವಿಧಾನಸೌಧದ ಕಲ್ಪನೆ. ಡ್ರೈವರು, ಬಾಣಸಿಗ, ನರ್ಸು ಅವರ ಕಣ್ಣಿಗೆ ಬೀಳುವುದಿಲ್ಲ. ತಾಲೂಕು ಕಚೇರಿಯಲ್ಲಿ ವಾರಕ್ಕೊಂದು ದಿನ ಒಬ್ಬ ಗುಮಾಸ್ತ ಕುಳಿತು ಪರದೇಶದ ಕೆಲಸದ ಕರಾರನ್ನು ಕನ್ನಡದಲ್ಲಿ ಓದಿ ಹೇಳಿದರೆ ಎಷ್ಟೋ ಮನೆ ಉಳಿಯುತ್ತವೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವಾಗ 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದ ತಪಾಸಣೆಯ ಮುದ್ರೆ ಬೇಕು. ನೋಂದಾಯಿತ ಏಜೆಂಟ ತನ್ನ ಕೂಲಿಯೆಂದು 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ, ರಸೀದಿ ಕೊಡಲೇಬೇಕು. ಪ್ರವಾಸಿ ವೀಸಾದ ಮೇಲೆ ಹೋಗು, ಅಲ್ಲಿ ಎಲ್ಲ ಸರಿಮಾಡಿಸುತ್ತೇನೆ ಎನ್ನುವ ಏಜೆಂಟನ ಬಾಗಿಲಿನಿಂದ ಎದ್ದು ಬನ್ನಿ.

ಕೆಂಪು ಪುಸ್ತಕದ ವಿಷಯದಲ್ಲಿ ನಮ್ಮ ಬೇಡಿಕೆ ಸ್ಪಷ್ಟ. ಸರ್ಕಾರಿ ಪ್ರವಾಸ ಮುಗಿದ ದಿನ ಅದು ಸದಸ್ಯರ ಜೇಬಿನಲ್ಲಿರದೆ ಸಂಸತ್ತಿನ ಕಚೇರಿಯ ಕಪಾಟಿಗೆ ಹಿಂತಿರುಗಬೇಕು. ಸ್ವಂತ ಪ್ರಯಾಣಕ್ಕೆ ಎಲ್ಲರಂತೆ ನೀಲಿ ಪುಸ್ತಕ, ಎಲ್ಲರಂತೆ ಕೌಂಟರಿನ ಸಾಲು. ಘೋರ ಅಪರಾಧದ ಮೊಕದ್ದಮೆ ದಾಖಲಾದರೆ ನೋಟೀಸು ಕೊಟ್ಟು, ಅವರ ಮಾತು ಕೇಳಿ, ಏಳು ದಿನದೊಳಗೆ ತೀರ್ಮಾನವಾಗಬೇಕು. ಯಾವ ಕಾಗದ ಯಾವ ತಾರೀಖು ಬಂದಿತೆಂದು ಎರಡು ಸರ್ಕಾರಗಳು ಪಂಚಾಂಗ ಬಿಚ್ಚಿ ಕೂರುವಂತಾಗಬಾರದು.

ಕಡೂರಿನವರನ್ನು ಲೋಕಸಭೆಯಲ್ಲಿ ಪ್ರತಿನಿಧಿಸಲು 2024ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್. ತರೀಕೆರೆ ಅಜ್ಜಂಪುರದವರ ಪರವಾಗಿ ಉಡುಪಿ ಚಿಕ್ಕಮಗಳೂರಿನಿಂದ ಗೆದ್ದವರು ಭಾರತೀಯ ಜನತಾ ಪಕ್ಷದ ಕೋಟ ಶ್ರೀನಿವಾಸ ಪೂಜಾರಿ. ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಇಬ್ಬರೂ ಮುಂದಿನ ಅಧಿವೇಶನದಲ್ಲಿ ಎದ್ದು ಎರಡು ಪ್ರಶ್ನೆ ಕೇಳಲಿ: 2023ರ ವೀಸಾ ತಡೆಯಿಂದ ನಷ್ಟಕ್ಕೊಳಗಾದ ಸಾಮಾನ್ಯ ಪ್ರಯಾಣಿಕರ ಲೆಕ್ಕವನ್ನು ಸರ್ಕಾರ ಯಾಕೆ ಇಟ್ಟಿಲ್ಲ? ಇಂದು ದೇಶದಲ್ಲಿ ಎಷ್ಟು ರಾಜತಾಂತ್ರಿಕ ಪಾಸ್‌ಪೋರ್ಟುಗಳು ಯಾರು ಯಾರ ಕೈಯಲ್ಲಿವೆ, ಕಳೆದ ವರ್ಷ ಅವುಗಳ ಮೇಲೆ ಆದ ಸ್ವಂತ ಪ್ರಯಾಣಗಳೆಷ್ಟು? ಕೇಳುವ ಮುನ್ನ ಇಬ್ಬರೂ ತಮ್ಮ ತಮ್ಮ ಕೆಂಪು ಪುಸ್ತಕಗಳನ್ನು ಸ್ಪೀಕರರ ಕಚೇರಿಗೆ ಒಪ್ಪಿಸಿ ರಸೀದಿ ಪಡೆದರೆ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ.